ಕತ್ತೆ ನನ್ನದು, ಟೀಮು ಅವನದು

ನಾನು ಹತ್ತಿರ ಬಂದ ಕೂಡಲೇ ಅವನು ಲ್ಯಾಪ್‌ಟಾಪ್ ಮುಚ್ಚಿದ. ಆ ವಾರದಲ್ಲಿ ಇದು ಮೂರನೆಯ ಸಲ.

"ಏನದು?"

"ಏನಿಲ್ಲ. ಮೀಟಿಂಗ್ ವಿಷಯ."

"ನಿಮಗೆ ಮೀಟಿಂಗ್ ಬಿಟ್ರೆ ಬೇರೆ ಏನೂ ಇಲ್ವಾ ಈಗ?"

ಅವನು ಕನ್ನಡಕದ ಮೇಲಿಂದ ನನ್ನನ್ನು ನೋಡಿದ. "'ನೀವು' ಅಂತಿದ್ದೀಯ. ಕೋಪ ಬಂದಿದೆ ಅಂತಾಯ್ತು."

"ಟೀಮ್ ಲೀಡ್‌ಗೆ ಮರ್ಯಾದೆ ಕೊಡಬೇಕಲ್ವಾ?"

ಅವನ ಕಿವಿ ಕೆಂಪಾಯಿತು. ಎರಡು ವರ್ಷದಿಂದ ಆ ಕಿವಿಗಳನ್ನು ನೋಡುತ್ತಿದ್ದೇನೆ. ಕೆಲಸದ ಸಲುವಾಗಿ ಎಂದರೆ ಯಾರೂ ನಂಬುವುದಿಲ್ಲ.

ಶುರುವಿನಲ್ಲಿ ನಾವು ಮೂವರೇ ಇದ್ದೆವು, ದರ್ಜಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ. ಅವನು ಕೋಡ್ ಬರೆಯುತ್ತಿದ್ದ, ನಾನು ಚಿತ್ರಗಳಿಗೆ ಚಲನೆ ಕೊಡುತ್ತಿದ್ದೆ, ಕಂಪನಿ ಕಟ್ಟಿದ ಬಾಸ್ ಫೋನಿನಲ್ಲಿ ಸಾಲ ಕೊಟ್ಟವರಿಗೆಲ್ಲ "ಇನ್ನೊಂದು ತಿಂಗಳು ಸ್ವಾಮಿ" ಎನ್ನುತ್ತಿದ್ದರು. ಟಪಾಲು ಹೊರುವ ಸೋಮಾರಿ ಕತ್ತೆಯೊಂದರ ಮೊಬೈಲ್ ಆಟ ನಮ್ಮದು. ಯಾರಿಗೂ ಬೇಡವಾಗಿದ್ದ ಆ ಕತ್ತೆ ಒಂದು ದಿನ ಇದ್ದಕ್ಕಿದ್ದಂತೆ ಲಕ್ಷಾಂತರ ಫೋನುಗಳನ್ನು ಹೊಕ್ಕಿತು.

ನಾಲ್ಕು ತಿಂಗಳಲ್ಲಿ ನಲವತ್ತು ಜನರಾದೆವು. ಎರಡು ಮಹಡಿ, ಕುತ್ತಿಗೆಗೆ ಕಾರ್ಡು, ಕುರ್ಚಿಗಾಗಿ ಜಗಳ. ಯಾರು ಯಾರೆಂದೇ ತಿಳಿಯುತ್ತಿರಲಿಲ್ಲ. ಹೊಸ ಅನಿಮೇಟರ್ ಎಂದುಕೊಂಡು ನಾನೊಮ್ಮೆ ಎಸಿ ರಿಪೇರಿಗೆ ಬಂದವರಿಗೆ ಅರ್ಧ ಗಂಟೆ ಕತ್ತೆಯ ಬಾಲದ ಬಗ್ಗೆ ವಿವರಿಸಿದ್ದೇನೆ. ಪಾಪ, ತಲೆಯಾಡಿಸಿಕೊಂಡು ಕೇಳಿದರು.

ಅವನನ್ನು ಲೀಡ್ ಮಾಡಿದರು, ನಾನು ಅವನ ಕೈಕೆಳಗೆ ಬಂದೆ. ಅಂದಿನಿಂದ ಅವನು ನನ್ನೊಡನೆ ಟೀಗೆ ಬರುವುದನ್ನೇ ಬಿಟ್ಟ. ಮೆಟ್ಟಿಲ ಹತ್ತಿರ ಎಚ್.ಆರ್. ಮೇಡಂ ಜೊತೆ ಗುಸುಗುಸು. ನಾನು ಕಂಡರೆ ಇಬ್ಬರೂ ಗಪ್‌ಚುಪ್.

ಅಕ್ಕನಿಗೆ ಫೋನ್ ಮಾಡಿದೆ.

"ಅವರಿಬ್ಬರ ಮಧ್ಯೆ ಏನಾದ್ರೂ ಇದ್ಯೇನೋ ಕಣೇ."

"ಅಕ್ಕಾ, ಆಕೆಗೆ ಮೊಮ್ಮಗಳಿದ್ದಾಳೆ!"

"ಹಾಗಾದ್ರೆ ನಿನ್ನ ಕೆಲಸಕ್ಕೇ ಸಂಚಕಾರ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ?"

ಆಮೇಲೆ ಊಟ ಸೇರಲಿಲ್ಲ. ಕೆಲಸ ಹೋದರೆ ಇನ್ನೊಂದು ಸಿಗುತ್ತದೆ. ಆದರೆ ಅದನ್ನು ಕಳೆಯುವವನು ಅವನೇ ಆದರೆ ನಾನು ಯಾರನ್ನು ನಂಬಲಿ?

ಗುರುವಾರ ಪ್ರಿಂಟರ್ ಮೇಲೆ ಯಾರೋ ಮರೆತ ಹಾಳೆ ಸಿಕ್ಕಿತು. ಎಲ್ಲ ತಂಡಗಳ ಪಟ್ಟಿ. ಕತ್ತೆಯ ತಂಡದಲ್ಲಿ ನನ್ನ ಹೆಸರು ಹೊಡೆದುಹಾಕಿ, ಕೆಳಗೆ ಹೊಸ ಆಟದ ತಂಡದಲ್ಲಿ ಬರೆದಿತ್ತು. ನನ್ನ ಜಾಗಕ್ಕೆ ಕತ್ತೆಯನ್ನು ಕುದುರೆಯ ಹಾಗೆ ಓಡಿಸುವ ಹೊಸ ಅನಿಮೇಟರ್ ಹುಡುಗಿ. ಕೈಬರಹ ಅವನದೇ.

ಅವನನ್ನು ಗಾಜಿನ ಮೀಟಿಂಗ್ ರೂಮಿಗೆ ಕರೆದೆ.

"ಇದು ನೀನು ಬರೆದಿದ್ದಾ?"

"ಹೌದು."

ಇಲ್ಲ ಎನ್ನಲಿ ಎಂದು ಎಷ್ಟು ಆಸೆಪಟ್ಟಿದ್ದೆನೋ! "ನಾನೇನು ತಪ್ಪು ಮಾಡಿದೆ?"

"ತಪ್ಪು ನಿಂದಲ್ಲ. ಹೊಸ ನಿಯಮ ಬಂತಲ್ಲ, ಓದಿಲ್ವಾ? ಕೈಕೆಳಗೆ ಕೆಲಸ ಮಾಡೋರ ಹತ್ರ..." ಅವನು ನೆಲ ನೋಡಿದ.

"ಹತ್ರ?"

"ಪ್ರೀತಿ ವಿಷಯ ಎತ್ತೋ ಹಾಗಿಲ್ಲ."

ಎರಡು ವರ್ಷ ಕಾದಿದ್ದ ಮಾತು. ಕರಗಿ ನೀರಾಗಬೇಕಿತ್ತು. ಆದರೆ ನನಗೆ ಮೈಯೆಲ್ಲ ಉರಿಯಿತು.

"ಅದಕ್ಕೆ ನನ್ನ ಕತ್ತೆ ಕಿತ್ಕೊಂಡ್ಯಾ? ಪ್ರೀತಿ ಮಾಡೋನು ನೀನು, ಜಾಗ ಬಿಡಬೇಕಾದೋಳು ನಾನಾ? ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಕಾರಣ ಹೇಳಬೇಕಾಗ್ತಿತ್ತು."

"ಇಬ್ಬರಲ್ಲಿ ಒಬ್ಬರು ಹೋದ್ರೆ ಸಾಕು ತಾನೇ? ಅದು ನೀನ್ಯಾಕಲ್ಲ?"

ಅವನು ಹಾಳೆ ಎತ್ತಿಕೊಂಡು ತನ್ನ ಹೆಸರು ಹುಡುಕಿದ. ನಿಜಕ್ಕೂ ಅದು ಅವನಿಗೆ ಹೊಳೆದೇ ಇರಲಿಲ್ಲ! ಹೊರಗಿದ್ದವರೆಲ್ಲ ಕಂಪ್ಯೂಟರ್ ನೋಡುವ ನಾಟಕವಾಡುತ್ತಿದ್ದರು.

ಶುಕ್ರವಾರ ಅವನು ನನ್ನತ್ತ ಸುಳಿಯಲಿಲ್ಲ. ಬಾಯಿಮಾತಿನ ಪ್ರೀತಿ, ಇಷ್ಟೇ ಎಂದುಕೊಂಡೆ.

ಸೋಮವಾರ ಬಾಸ್ ಎಲ್ಲರನ್ನೂ ಸೇರಿಸಿದರು. ಅವನು ಲೀಡ್ ಕೆಲಸ ಬಿಟ್ಟು ಹೊಸ ಆಟದ ತಂಡಕ್ಕೆ, ಮೂರು ವಾರದ ಹಿಂದೆ ಸೇರಿದ ಇನ್ನೊಬ್ಬ ಹುಡುಗಿಯ ಕೈಕೆಳಗೆ ಹೋಗುತ್ತಾನಂತೆ. ಕತ್ತೆಯ ತಂಡ ಇನ್ನು ನನ್ನದು.

ಅಷ್ಟಾದರೂ, ಮನಸಾರೆ ಬಿಟ್ಟನೇ ಎಂಬ ನನ್ನ ಅನುಮಾನ ಹೋಗಲಿಲ್ಲ. ಕೆಳಗಿನ ಮಹಡಿಗೆ ಇಳಿದೆ. ಟಾಯ್ಲೆಟ್ ಬಾಗಿಲ ಪಕ್ಕ ಅವನಿಗೆ ಮೇಜು ಕೊಟ್ಟಿದ್ದರು.

"ಪಶ್ಚಾತ್ತಾಪ ಆಗ್ತಿದ್ಯಾ?"

"ಕತ್ತೆ ಬಿಟ್ಟು ಬಂದಿದ್ದಕ್ಕೆ ತುಂಬಾ ಬೇಜಾರಾಗಿದೆ. ಸುಳ್ಳು ಯಾಕೆ ಹೇಳಲಿ?"

ಖುಷಿಯಾಗಿದ್ದೇನೆ ಎಂದಿದ್ದರೆ ನಂಬುತ್ತಿರಲಿಲ್ಲ. ಆ ಬೇಜಾರನ್ನು ನಂಬಿದೆ. ಕುರ್ಚಿ ಎಳೆದು ಅವನೆದುರು ಕೂತೆ.

"ಈಗ ಹೇಳಬಹುದಲ್ಲ?"

ಅವನು ಪಕ್ಕಕ್ಕೆ ಕಣ್ಣು ಹೊರಳಿಸಿದ. ಅವನ ಹೊಸ ಲೀಡ್ ಹೆಡ್‌ಫೋನ್ ತೆಗೆದು ಎದ್ದಳು. "ಸರ್, ನಾನು ಬೇಕಾದ್ರೆ ಹೊರಗೆ ಹೋಗ್ತೀನಿ."

"ಬೇಡಮ್ಮಾ, ಕೂತ್ಕೋ," ಎಂದೆ. "ಸಾಕ್ಷಿ ಇರಲಿ. ನಾಳೆ ಹೇಳೇ ಇಲ್ಲ ಅಂದ್ರೆ?"

"ನೀನಂದ್ರೆ ನಂಗೆ ಪ್ರಾಣ," ಎಂದ ಅವನು, ಕೋಡಿನ ತಪ್ಪುಗಳ ಬಗ್‌ ರಿಪೋರ್ಟ್ ಓದುವಷ್ಟು ಗಂಭೀರವಾಗಿ. "ದರ್ಜಿ ಅಂಗಡಿ ಮೇಲಿದ್ದಾಗಿಂದ."

"ಆಗ ಯಾವ ನಿಯಮಾನೂ ಇರಲಿಲ್ಲ. ಆಗ್ಯಾಕೆ ಹೇಳಲಿಲ್ಲ?"

"ಆಗಿದ್ದೋರೇ ಮೂರು ಜನ. ನೀನು ಒಲ್ಲೆ ಅಂತ ಎದ್ದು ಹೋಗಿದ್ರೆ ಕಂಪನೀನೇ ಮುಚ್ತಿತ್ತು."

ನಗು ತಡೆಯಲಾಗಲಿಲ್ಲ. "ಈಗ ನಲವತ್ತು ಜನ ಇದ್ದಾರೆ. ನಾನು ಎದ್ದು ಹೋದ್ರೂ ಏನೂ ನಿಲ್ಲಲ್ಲ."

"ನಿಲ್ಲಲ್ಲ," ಎಂದ. "ಅದಕ್ಕೇ ಈಗ ನೀನು ಹೋದ್ರೆ ನಾನೂ ಹಿಂದೇನೇ ಬರಬಹುದು."

ನಾನು ಎಲ್ಲಿಗೂ ಹೋಗಲಿಲ್ಲ. ಅವನ ಕೈ ಹಿಡಿದುಕೊಂಡು ಅಲ್ಲೇ ಕೂತೆ.