ಹಿಂದಿನ ಚಕ್ರ ಹೇಳಿದ ಸುಳ್ಳು

“ಈ ಕಾರನ್ನ ಒಳಗೆ ತರಬೇಡ!”

ಗ್ಯಾರೇಜಿನ ಬಾಗಿಲಿಗೆ ಅವಳು ಅಡ್ಡ ನಿಂತಿದ್ದಳು. ಕೈಯಲ್ಲಿ ಸ್ಪ್ಯಾನರ್ ಇತ್ತು. ಕೆಂಪು ಸ್ಪೋರ್ಟ್ಸ್ ಕಾರಿನ ಸ್ಟೀರಿಂಗ್ ಹಿಡಿದು ಕೂತಿದ್ದವನು ಅವಳ ಗಂಡ. ಎಂಟು ತಿಂಗಳಿಂದ ಅವಳು ಮುಖ ನೋಡದ ಗಂಡ!

ಪಕ್ಕದ ಸೀಟಿನಿಂದ ಇಳಿದ ಹಲ್ಲಿನ ಡಾಕ್ಟರು ಕಕ್ಕಾಬಿಕ್ಕಿಯಾದರು. “ಯಾಕಮ್ಮಾ? ನೀವೇ ಅಲ್ವಾ ಬನ್ನಿ ಅಂದಿದ್ದು? ಈ ಹಳೇ ಕಾರು ನಾನು ತಗೋಬೇಕು ಅಂತಿದ್ದೀನಿ. ಎಲ್‌ಎಸ್‌ಡಿ ಇದೆ ಅಂತ ಇವರು ಹೇಳ್ತಾರೆ. ನಿಜವಾಗ್ಲೂ ಇದೆಯಾ ನೋಡಿ ಅಂದಿದ್ದೆ...”

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಒಂದು ಚಕ್ರ ಮಣ್ಣಿನಲ್ಲಿ ಜಾರಿದರೂ ಇನ್ನೊಂದಕ್ಕೆ ಬಲ ಕೊಟ್ಟು ಕಾರನ್ನು ಮುಂದಕ್ಕೆ ತಳ್ಳುವ ಸಾಧನ. ಮೂರು ವರ್ಷದ ಹಿಂದೆ ಈ ಕಾರಿಗೆ ಅದನ್ನು ಕೂರಿಸಿದ್ದವಳು ಅವಳೇ.

“ನಾನಿರೋ ಗ್ಯಾರೇಜು ಅಂತ ಗೊತ್ತಿದ್ದೂ ಬಂದ್ಯಾ?” ಗಂಡನತ್ತ ತಿರುಗಿ ಕೇಳಿದಳು.

“ಡಾಕ್ಟ್ರು ಇಲ್ಲಿಗೇ ಹೋಗೋಣ ಅಂದ್ರು. ಬೇಡ ಅಂದಿದ್ರೆ ಏನೋ ಮುಚ್ಚಿಡ್ತಿದ್ದೀನಿ ಅಂದ್ಕೊಳ್ತಿದ್ರು.”

“ಮುಚ್ಚಿಡೋದು ನಿನಗೇನು ಹೊಸದಾ?”

ಅವನು ಕಾರಿನಿಂದ ಇಳಿದು ಬಾಗಿಲು ಮುಚ್ಚಿದ. ಅವನ ಆ ಮೌನವೇ ಅವಳ ಮೈಯೆಲ್ಲ ಉರಿಸುತ್ತಿತ್ತು. ಅವಳು ಮನೆ ಬಿಟ್ಟ ದಿನವೂ ಬಾಯಿ ಬಿಡದೆ ಹೀಗೇ ಅಲ್ಲವೇ ನಿಂತಿದ್ದು!

ಮೂಲೆಯಲ್ಲಿ ಟೈರಿಗೆ ಗಾಳಿ ತುಂಬುತ್ತಿದ್ದ ಸೋದರಮಾವ ಎದ್ದು ಬಂದರು. ಗ್ಯಾರೇಜು ಅವರದು, ಮನೆ ಬಿಟ್ಟು ಬಂದ ಸೋದರ ಸೊಸೆಗೆ ಮಹಡಿಯ ಕೋಣೆ ಬಿಟ್ಟುಕೊಟ್ಟವರೂ ಅವರೇ. “ಜಗಳ ಆಮೇಲೆ ಆಡು ಮಗಳೇ. ಗಿರಾಕಿ ಬಂದಿದ್ದಾರೆ, ಕಾರು ಹತ್ತಿಸು.”

ಕಾರು ಲಿಫ್ಟಿನ ಮೇಲೇರಿತು. ಗೇರ್ ನ್ಯೂಟ್ರಲ್‌ನಲ್ಲಿತ್ತು, ಹ್ಯಾಂಡ್‌ಬ್ರೇಕ್ ಬಿಟ್ಟಿತ್ತು. ಹಿಂದಿನ ಎರಡೂ ಚಕ್ರ ಗಾಳಿಯಲ್ಲಿ ತೂಗುತ್ತಿದ್ದವು.

“ನೋಡಿ ಡಾಕ್ಟ್ರೇ. ನಾನು ಈ ಚಕ್ರ ಮುಂದಕ್ಕೆ ತಿರುಗಿಸ್ತೀನಿ. ಆ ಕಡೇದೂ ಮುಂದಕ್ಕೇ ತಿರುಗಿದ್ರೆ ಎಲ್‌ಎಸ್‌ಡಿ ಇದೆ. ಹಿಂದಕ್ಕೆ ತಿರುಗಿದ್ರೆ ಇರೋದು ಮಾಮೂಲಿ ಡಿಫರೆನ್ಷಿಯಲ್.”

ತಿರುಗಿಸಿದಳು.

ಆಚೆಯ ಚಕ್ರ ಹಿಂದಕ್ಕೆ ತಿರುಗಿತು!

ಅವಳು ಕೈ ಬದಲಿಸಿ ಚಕ್ರ ಹಿಡಿದಳು. ಮತ್ತೊಮ್ಮೆ ತಿರುಗಿಸಿದಳು. ಮತ್ತೆ ಹಿಂದಕ್ಕೇ.

“ಬಿಚ್ಚಿ ಮಾರ್ಕೊಂಡ್ಯಾ?” ಅವಳ ದನಿ ಛಾವಣಿಗೆ ತಾಗಿತು. “ನಾನು ಮೂರು ದಿನ ಈ ಕಾರಿನ ಅಡಿಯಲ್ಲಿ ಮಲಗಿ ಕೂರಿಸಿದ್ದು ಅದು! ಈಗ ಇವರಿಗೂ ಟೋಪಿ ಹಾಕೋಕೆ ಬಂದಿದ್ದೀಯ. ಕೆಲಸ ಹೋಗಿ ಎರಡು ತಿಂಗಳಾದ್ರೂ ರಜಾದಲ್ಲಿದ್ದೀನಿ ಅಂತ ಹೆಂಡತಿಗೇ ಸುಳ್ಳು ಹೇಳಿದವನು ತಾನೇ ನೀನು!”

ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಅವನ ಮುಖ ಬಿಳಿಚಿಕೊಂಡಿತು. ಆದರೆ ಕಣ್ಣು ತಗ್ಗಿಸಲಿಲ್ಲ.

“ಬಿಚ್ಚಿ ನೋಡು,” ಎಂದ.

“ನೋಡೋದೇನಿದೆ?”

“ಅವತ್ತೂ ನೋಡ್ಲಿಲ್ಲ ನೀನು. ಇವತ್ತಾದ್ರೂ ನೋಡು!”

ಹಲ್ಲು ಕಚ್ಚಿಕೊಂಡು ಕೆಳಗೆ ಬಕೆಟ್ ಇಟ್ಟಳು. ಡಿಫರೆನ್ಷಿಯಲ್ಲಿನ ಮುಚ್ಚಳದ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದಳು. ಕಪ್ಪು ಎಣ್ಣೆ ಗಳಗಳನೆ ಇಳಿಯಿತು. ಬಟ್ಟೆಯಲ್ಲಿ ಒರೆಸಿ ಟಾರ್ಚ್ ಹಾಕಿದಳು.

ಒಳಗೆ ಸ್ಪ್ರಿಂಗ್ ಇತ್ತು. ಗೇರಿನ ಬದಿಯಲ್ಲಿ ತೆಳ್ಳಗಿನ ಕ್ಲಚ್ ಪ್ಲೇಟುಗಳ ಸಾಲು ಇತ್ತು. ಅವಳು ಕೂರಿಸಿದ್ದು ಕೂರಿಸಿದ ಹಾಗೇ ಇತ್ತು! ಪ್ಲೇಟುಗಳು ಮಾತ್ರ ಸವೆದು ಕನ್ನಡಿಯಂತೆ ನುಣುಪಾಗಿದ್ದವು. ಅವು ಹಿಡಿತ ಕಳೆದುಕೊಂಡದ್ದಕ್ಕೇ ಚಕ್ರಗಳು ಮಾಮೂಲಿ ಕಾರಿನಂತೆ ತಿರುಗಿದ್ದವು.

ಅಯ್ಯೋ... ಇಷ್ಟು ವರ್ಷದ ಅನುಭವ ಇಟ್ಟುಕೊಂಡು ಪ್ಲೇಟ್ ಸವೆದಿರಬಹುದು ಅಂತ ನನಗೆ ಹೊಳೀಲಿಲ್ವಾ? ಅಥವಾ ಇವನು ಕಳ್ಳ ಅನ್ನೋದೇ ನನಗೆ ಬೇಕಿತ್ತಾ?

ಟಾರ್ಚ್ ಆರಿಸಿದಳು. ತಲೆಯೆತ್ತಿ ಹೇಳಿದಳು: “ಡಾಕ್ಟ್ರೇ, ತಪ್ಪು ನಂದು. ಎಲ್‌ಎಸ್‌ಡಿ ಇದೆ. ಇವರು ಹೇಳಿದ್ದು ನಿಜ. ಪ್ಲೇಟ್ ಸವೆದಿದೆ, ಅಷ್ಟೇ. ಹೊಸದು ಹಾಕಿ ನಾಲ್ಕು ದಿನದಲ್ಲಿ ಕೊಡ್ತೀನಿ.”

“ಹಲ್ಲು ಸವೆದ್ರೂ ಬಾಯಿ ಬಾಯೇ ಅಲ್ವಾ ಡಾಕ್ಟ್ರೇ?” ಎಂದರು ಮಾವ. ಡಾಕ್ಟರು ನಕ್ಕುಬಿಟ್ಟರು. “ಹಾಗಾದ್ರೆ ಕಾರು ನಂದೇ,” ಎಂದರು. ಮಾವ ಅವರನ್ನು ಕರೆದುಕೊಂಡು ಹೊರಗೆ ಹೋಗಿ, ಬೇಕೆಂತಲೇ ಬಾಗಿಲನ್ನು ಅರ್ಧ ಎಳೆದರು.

ಲಿಫ್ಟಿನ ಕೆಳಗೆ ಇಬ್ಬರೇ ಉಳಿದರು.

“ಹೇಗೆ ಇಷ್ಟು ಸವೀತು?”

“ಆಂಬುಲೆನ್ಸ್ ಓಡಿಸೋರಿಗೆ ಜಾರೋ ಮಣ್ಣಲ್ಲಿ ಓಡಿಸೋದು ಹೇಳ್ಕೊಡ್ತಿದ್ದೀನಿ. ಆರು ತಿಂಗಳಾಯ್ತು. ಈ ಕಾರಲ್ಲೇ.”

ಆಂಬುಲೆನ್ಸ್... ತೀರಿಹೋದ ತನ್ನ ಅಮ್ಮನನ್ನು ಕೊನೆಯ ಸಲ ಅದರಲ್ಲಿ ಕರೆದೊಯ್ದದ್ದು ನೆನಪಾಗಿ ಅವಳು ಮುಖ ತಿರುಗಿಸಿದಳು. ಆಮೇಲೆ, ಎಂಟು ತಿಂಗಳಿಂದ ಒಮ್ಮೆಯೂ ಕೇಳದ್ದನ್ನು ಕೇಳಿದಳು.

“ಕಾರ್ಖಾನೆಯವರು ಯಾಕೆ ತೆಗೆದ್ರು ನಿನ್ನ?”

ಅವನು ಎಣ್ಣೆಯ ಬಕೆಟ್ಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

“ಆಸ್ಪತ್ರೇಲಿ ಹಗಲು ನಿಮ್ಮಮ್ಮನ ಹತ್ರ ಇರೋಕೆ ರಜಾ ಕೇಳಿದೆ. ಕೊಡ್ಲಿಲ್ಲ. ಆದ್ರೂ ಹೋಗ್ತಿದ್ದೆ.”

“ಅಂದ್ರೆ... ಅಮ್ಮನಿಗೋಸ್ಕರ?”

“ಆಗ ಹೇಳಿದ್ರೆ ನೀನು ನಿದ್ದೆಗೆಟ್ಟು ಇನ್ನೂ ಕುಗ್ತಿದ್ದೆ. ಅವರು ಹೋದಮೇಲೆ ಹೇಳಿದ್ರೆ... ನಿಮ್ಮಮ್ಮನಿಂದ ನನ್ನ ಕೆಲಸ ಹೋಯ್ತು ಅಂದ ಹಾಗಾಗ್ತಿತ್ತು. ಸತ್ತವರ ಮೇಲೆ ಅದನ್ನ ಹೊರಿಸ್ಲಾ?”

ಅವಳು ಲಿಫ್ಟಿನ ಕಂಬ ಹಿಡಿದುಕೊಂಡಳು. ನೆಂಟರೆಲ್ಲರ ಎದುರು ಇವನನ್ನು ಸುಳ್ಳುಗಾರ ಅಂದಿದ್ದೆ. ಆಗಲೂ ಇವನು ಬಾಯಿ ಬಿಡಲಿಲ್ಲ...

“ಹೇಳಬೇಕಿತ್ತು ನೀನು!” ಅಳುತ್ತಲೇ ಗದರಿದಳು.

“ಹೌದು. ಹೇಳಬೇಕಿತ್ತು. ನಂದೂ ತಪ್ಪೇ.”

“ಕಾರು ಯಾಕೆ ಮಾರ್ತಿದ್ದೀಯ?”

“ಪಕ್ಕದ ಸೀಟು ಖಾಲಿ ಇರುತ್ತಲ್ಲ... ನೋಡೋಕಾಗಲ್ಲ ಕಣೇ.”

ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡಳು. ಕೆನ್ನೆಗೆಲ್ಲ ಎಣ್ಣೆ ಮೆತ್ತಿತು. ಅವನು ಅಂಗಿಯ ತೋಳಿನಿಂದ ಮೆಲ್ಲಗೆ ಒರೆಸಿದ. ಅವಳು ತಡೆಯಲಿಲ್ಲ.

“ನನ್ನ ಬಾಯಿ ಕೆಟ್ಟದ್ದು. ಮುಂದೆಯೂ ಬೈತೀನಿ.”

“ಬೈ. ಬೈಯೋ ಮುಂಚೆ ಒಂದು ಮಾತು ಕೇಳು, ಅಷ್ಟೇ.”

“ಈಗ ಒಂದು ಕೇಳ್ಲಾ?”

“ಹ್ಞೂಂ.”

“ನಾನು ಮನೆಗೆ ಬರ್ಲಾ?”

ಅವನ ಕಣ್ಣು ತುಂಬಿ ಬಂತು. “ಅದನ್ನೂ ಕೇಳಬೇಕಾ?”

“ಕೇಳಬೇಕು. ನೀನೂ ಬಾಯಿ ಬಿಟ್ಟು ಹೇಳಬೇಕು.”

“ಬಾ...” ಎಂದ ಅವನು. “ಇವತ್ತೇ ಬಾ.”