ಮೀನಾಕ್ಷಿಯ ನೀರಿನ ನೋಟ್‌ಬುಕ್

ಇಡೀ ಆರನೇ ತರಗತಿ ನಗುತ್ತಿತ್ತು. ಪುಂಡಲೀಕನಂತೂ ಬೆಂಚಿನ ಮೇಲೆ ತಲೆ ಇಟ್ಟು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಮೀನಾಕ್ಷಿ ಅಂಥದ್ದೇನೂ ಹೇಳಿರಲಿಲ್ಲ. ಮುಂದೆ ಏನಾಗುತ್ತೀರಿ ಎಂದು ನಿರ್ಮಲಾ ಟೀಚರ್ ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಪೊಲೀಸರು, ಕ್ರಿಕೆಟರ್‌ಗಳು ಎಲ್ಲ ಮುಗಿದು ಇವಳ ಪಾಳಿ ಬಂತು. ಯುರಾಲಜಿಸ್ಟ್ ಆಗುತ್ತೇನೆ ಎಂದಳು. ಹಂಗಂದರೇನು ಎಂದು ಯಾರೋ ಕೇಳಿದರು. ಕಿಡ್ನಿಗೆ, ಮೂತ್ರದ ತೊಂದರೆಗೆ ಆಪರೇಷನ್ ಮಾಡುವ ಡಾಕ್ಟರ್ ಎಂದಳು. ಅಷ್ಟು ಸಾಕಾಯಿತು.

“ಉಚ್ಚಿ ಡಾಕ್ಟರ್,” ಎಂದ ಪುಂಡಲೀಕ.

ಟೀಚರ್ ಅವನನ್ನು ಗದರಿಸಿದರು. ಆಮೇಲೆ ಮೀನಾಕ್ಷಿಗೆ, ಬರೀ ಡಾಕ್ಟರ್ ಅಂದರೂ ನಡೆಯುತ್ತದಲ್ಲ ಎಂದು ಮೆಲ್ಲಗೆ ಹೇಳಿದರು.

“ಇಲ್ರಿ ಟೀಚರ್. ಕಣ್ಣಿನ ಡಾಕ್ಟರ್ ಬ್ಯಾರೆ, ಹಲ್ಲಿನ ಡಾಕ್ಟರ್ ಬ್ಯಾರೆ. ನಾ ಆಗೂದು ಇದು.”

ಕಿವಿ ಬಿಸಿಯಾಗಿತ್ತು. ಆದರೂ ಪೂರ್ತಿ ಹೇಳಿಯೇ ಕುಳಿತಳು.

ಇದು ಶುರುವಾದದ್ದು ಅಜ್ಜಿಯಿಂದ. ಅಜ್ಜಿ ಉಚ್ಚಂಗೆವ್ವ ಬ್ಯಾಡಗಿಯ ಒಂದು ಗೋದಾಮಿನಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಎರಡು ತಿಂಗಳ ಹಿಂದೆ ಸೊಂಟದ ನೋವು ತಡೆಯಲಾರದೆ ನೆಲದ ಮೇಲೆ ಹೊರಳಾಡಿದಳು. ಹಾವೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಕಿಡ್ನಿಯಲ್ಲಿ ಹಳ್ಳು, ಅಂದರೆ ಕಲ್ಲು, ಆಗಿದೆ ಅಂದರು. ಅಲ್ಲಿನ ಡಾಕ್ಟರಮ್ಮ ಹೊಟ್ಟೆ ಕೊಯ್ಯದೆಯೇ ಆ ಹಳ್ಳನ್ನು ಪುಡಿ ಮಾಡಿ ತೆಗೆದರು. ಪುಟ್ಟ ಡಬ್ಬಿಯಲ್ಲಿ ಹಾಕಿ ತೋರಿಸಿದರು. ಜೋಳದ ನುಚ್ಚಿನಷ್ಟೇ ಇತ್ತು. ಇಷ್ಟಕ್ಕೆ ನಮ್ಮಜ್ಜಿ ಅಷ್ಟು ಒದ್ದಾಡಿದಳಾ ಎಂದು ಮೀನಾಕ್ಷಿಗೆ ಸಿಟ್ಟೇ ಬಂತು.

ನಿಮ್ಮ ಹಾಗೆ ಆಗಲು ಎಷ್ಟು ವರ್ಷ ಬೇಕು ಎಂದು ಅಲ್ಲೇ ಕೇಳಿದಳು. ಡಾಕ್ಟರಮ್ಮ ಬೆರಳು ಮಡಚಿ ಲೆಕ್ಕ ಹಾಕಿ, ಈಗಿನಿಂದ ಹದಿನೆಂಟು ವರ್ಷ ಅಂದರು. ಆಗ ಅಜ್ಜಿಗೆ ಎಂಬತ್ತು. ಅಲ್ಲಿಯ ತನಕ ಅಜ್ಜಿ ಗಟ್ಟಿಯಾಗಿ ಇರಬೇಕಲ್ಲ?

“ದಿನಾ ಹನ್ನೆರಡು ಗ್ಲಾಸ್ ನೀರು ಕುಡೀಬೇಕು. ಇಲ್ಲಂದ್ರ ಮತ್ತ ಹಳ್ಳು ಆಗ್ತಾವ, ಕಿಡ್ನಿನ ಕೆಡಬಹುದು,” ಎಂದರು ಡಾಕ್ಟರಮ್ಮ. “ಇದನ್ನ ನೋಡಿಕೊಳ್ಳೂದು ನಿನ್ನ ಕೆಲಸ.”

ಅವತ್ತೇ ಮೀನಾಕ್ಷಿ ನೋಟ್‌ಬುಕ್ ಮಾಡಿದಳು. ಅಜ್ಜಿಯ ಕೈಗೆ ದೊಡ್ಡ ಬಾಟಲಿ ಕೊಟ್ಟಳು. ದಿನಾ ಸಂಜೆ ಬಾಟಲಿ ಖಾಲಿಯಾಗಿ ಬರುತ್ತಿತ್ತು, ಎಷ್ಟು ಗ್ಲಾಸು ಎಂದು ಇವಳು ಕೇಳುತ್ತಿದ್ದಳು, ಟಿಕ್ ಹಾಕುತ್ತಿದ್ದಳು. ಆದರೆ ಈಚೆಗೆ ಅಜ್ಜಿ ಮತ್ತೆ ಸೊಂಟಕ್ಕೆ ಕೈ ಕೊಟ್ಟುಕೊಂಡು ಏಳುತ್ತಿದ್ದಳು. ಮೀನಾಕ್ಷಿಗೆ ಭಯವಾಯಿತು.

ಭಾನುವಾರ ಅವಳು ಹೇಳದೆ ಕೇಳದೆ ಗೋದಾಮಿಗೆ ಹೋದಳು. ನೋಡುತ್ತಾಳೆ, ಅಜ್ಜಿ ಬಾಟಲಿಯ ನೀರನ್ನು ಬಾಗಿಲ ಮುಂದಿನ ಬೇವಿನ ಗಿಡಕ್ಕೆ ಸುರಿಯುತ್ತಿದ್ದಾಳೆ! ಒಳ್ಳೆ ಅಜ್ಜಿ. ಮೀನಾಕ್ಷಿ ಅಲ್ಲೇ ನೋಟ್‌ಬುಕ್ ತೆಗೆದು, ‘ಹಠ ಮಾಡಿ ಕುಡಿಯುವುದಿಲ್ಲ’ ಎಂದು ಬರೆದಳು.

ಸಿಟ್ಟಿನಲ್ಲೇ ಅಜ್ಜಿಯ ಪಕ್ಕ ಕುಳಿತು, ತಾನೂ ನಾಲ್ಕು ಹಿಡಿ ಕಾಯಿಯ ತುಂಬು ಬಿಡಿಸಿದಳು. ಮೂಗಿಗೆ ಘಾಟು ಹತ್ತಿತು. ಸೀನು ಬಂತು. ಮರೆತು ಕಣ್ಣು ಒರೆಸಿಕೊಂಡಳು. ಅಯ್ಯೋ, ಉರಿಯೆಂದರೆ ಉರಿ! ನೀರು ಹಾಕಿದಷ್ಟೂ ಉರಿ. ಅಜ್ಜಿ ಸೆರಗಿನ ತುದಿ ಒದ್ದೆ ಮಾಡಿ ಕಣ್ಣಿಗೆ ಒತ್ತಿ ಹಿಡಿದಳು.

“ಕಣ್ಣಿಗೆ ಇಷ್ಟು ಉರಿತೈತಿ. ಇದ ಕೈಲೆ ಒಂದಕ್ಕ ಹೋಗಿ ತೊಳಕೊಂಡ್ರ ಹೆಂಗಾದೀತು, ನೀನ ಹೇಳು. ಸಂಜೀತನಾ ಕುಂದ್ರಾಕಾಗಂಗಿಲ್ಲ. ಅದಕ್ಕ ಇಲ್ಲಿ ಯಾರೂ ನೀರು ಕುಡಿಯಂಗಿಲ್ಲ, ತಂಗಿ.”

ಸುತ್ತ ಕುಳಿತ ಹೆಂಗಸರು ಹೌದೆಂದು ತಲೆ ಆಡಿಸಿದರು.

“ನನಗ್ಯಾಕ ಹೇಳಲಿಲ್ಲ ಅಜ್ಜಿ?”

“ಎಷ್ಟು ಗ್ಲಾಸು ಅಂತ ಕೇಳಿದಿ. ಯಾಕ ಅಂತ ಯಾವಾಗ ಕೇಳಿದಿ?”

ಮೀನಾಕ್ಷಿಗೆ ನಾಚಿಕೆಯಾಯಿತು. ಬರೆದದ್ದನ್ನು ಅಜ್ಜಿ ಓದಲಾರಳು ಎಂಬುದೇ ಸಮಾಧಾನ. ಸರಕ್ಕನೆ ಆ ಸಾಲು ಹೊಡೆದು ಹಾಕಿ, ‘ಕೈ ಖಾರ’ ಎಂದು ಬರೆದಳು.

ಮನೆಯಲ್ಲಿ ಅವ್ವ ಖಾರದ ಕೈಗೆ ಶೇಂಗಾ ಎಣ್ಣೆ ಹಚ್ಚಿಕೊಳ್ಳುವುದು ಅವಳಿಗೆ ನೆನಪಾಯಿತು. ಅದನ್ನು ಹೇಳಿದರೆ, ಅಜ್ಜಿಯ ಪಕ್ಕದ ಪ್ರೇಮವ್ವ ನಕ್ಕಳು. ಎಣ್ಣೆಗೈಯಲ್ಲಿ ತುಂಬು ಜಾರುತ್ತದೆ, ಕೆಲಸ ಸಾಗುವುದಿಲ್ಲ ಎಂದಳು. ಕೆಲಸಕ್ಕೆ ಮೊದಲು ಬೇಡ, ಒಂದಕ್ಕೆ ಹೋಗುವ ಮೊದಲು ಹಚ್ಚಿಕೊಳ್ಳಿ ಎಂದಳು ಮೀನಾಕ್ಷಿ. ಹೆಂಗಸರು ನಂಬಲಿಲ್ಲ. ಅವಳು ಬಿಡಲೂ ಇಲ್ಲ.

ಮನೆಗೆ ಬಂದು ಕೈಗೆಲ್ಲ ಮೆಣಸಿನಕಾಯಿ ತಿಕ್ಕಿಕೊಂಡಳು. ಬರೀ ನೀರಿನಲ್ಲಿ ತೊಳೆದು ತುಟಿ ಮುಟ್ಟಿ ನೋಡಿದಳು. ಉರಿಯಿತು. ಬರೀ ಸಾಬೂನು. ಆಗಲೂ ಉರಿಯಿತು. ಎಣ್ಣೆ ಹಚ್ಚಿ, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಎರಡು ಸಲ ಸಾಬೂನು. ಚುರುಚುರು ಅಂತು, ಅಷ್ಟೇ. ತುಟಿ ಬಾತುಕೊಂಡಿತ್ತು, ಅವ್ವ ಬೈದಳು, ಆದರೂ ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು.

ಮರುದಿನ ಅಜ್ಜಿ ನೀರಿನ ಜೊತೆ ಎಣ್ಣೆಯ ಶೀಸೆ, ಹಳೆಯ ಬಟ್ಟೆ, ಸಾಬೂನು ಎಲ್ಲ ಹೊತ್ತುಕೊಂಡು, ಗೊಣಗುತ್ತಲೇ ಹೋದಳು. ಸಂಜೆ ಬಂದವಳೇ ಕಟ್ಟೆಯ ಮೇಲೆ ಕುಳಿತಳು.

“ಮೂರು ಸಲ ಹೋಗಿ ಬಂದೆ,” ಎಂದಳು. “ಎಣ್ಣಿ ನಾಳಿಗೆ ಜಾಸ್ತಿ ಕೊಡವ್ವ. ಅರ್ಧ ಆ ಪ್ರೇಮವ್ವ ಮುಗಿಸಿದ್ಲು.”

ಮೀನಾಕ್ಷಿ ಅಜ್ಜಿಯ ಕೊರಳಿಗೆ ಜೋತುಬಿದ್ದಳು. ಅಜ್ಜಿಯ ಮೈಯೆಲ್ಲ ಮೆಣಸಿನಕಾಯಿಯ ಘಾಟು.

ಮಂಗಳವಾರ ಊಟದ ಬಿಡುವಿನಲ್ಲಿ ಪುಂಡಲೀಕ ಮತ್ತೆ ಶುರು ಮಾಡಿದ.

“ಏ ಉಚ್ಚಿ ಡಾಕ್ಟರ್.”

“ಹೂಂ, ಹೇಳು. ಇವತ್ತು ನೀರು ಎಷ್ಟು ಕುಡದಿ?”

ಅವನ ನಗು ಅಲ್ಲಿಗೇ ನಿಂತಿತು. ಬೆಳಗ್ಗೆ ಮನೆಯಲ್ಲಿ ಒಂದು ಗ್ಲಾಸು, ಅಷ್ಟೇ ಎಂದ. ಸೋಮಾರಿ ಎನ್ನಲು ಮೀನಾಕ್ಷಿ ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿಯ ಮಾತು ನೆನಪಾಯಿತು.

“ಯಾಕ?” ಎಂದು ಕೇಳಿದಳು.

ಪುಂಡಲೀಕ ಆಚೀಚೆ ನೋಡಿ ದನಿ ತಗ್ಗಿಸಿದ.

“ಇಲ್ಲಿ ಬಾತ್‌ರೂಮ್ ಬಾಗಲಕ್ಕ ಚಿಲಕ ಇಲ್ಲ. ಯಾರರ ನೂಕ್ತಾರ. ಯಾರಿಗೂ ಹೇಳಬ್ಯಾಡ.”

ಮೀನಾಕ್ಷಿ ನಗಲಿಲ್ಲ. ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತೆರೆದು, ‘ಚಿಲಕ’ ಎಂದು ಬರೆದಳು.