ಕಳ್ಳನ ಮೇಲೊಂದು ಅರ್ಜಿ

"ಆ ಕಲ್ಲಿನ ಮೇಲಿಂದ ಕೈ ತೆಗೀರಿ."

ಹಿಂದಿನಿಂದ ಬಂದ ದನಿಗೆ ರೇವಣಸಿದ್ದಪ್ಪನ ಕೈಯಲ್ಲಿದ್ದ ಕುಂಚ ಅಲ್ಲೇ ನಿಂತಿತು. ತಿರುಗಿ ನೋಡಿದ. ಸೊಂಟದ ಮೇಲೆ ತಾಮ್ರದ ಕೊಡ ಹೊತ್ತು, ಸೆರಗು ಬಿಗಿದು ನಿಂತಿದ್ದಳು ಒಬ್ಬ ಹುಡುಗಿ. ಕೋಪಕ್ಕೆ ಮೂಗಿನ ತುದಿ ಕೆಂಪಾಗಿತ್ತು.

"ಕಲ್ಲಿಗೆ ಏನೂ ಮಾಡ್ತಿಲ್ಲ. ನಂಬರ್ ಹಾಕ್ತಿದೀನಿ, ಅಷ್ಟೆ."

"ಅದಕ್ಕೇ ಹೇಳಿದ್ದು, ಕೈ ತೆಗೀರಿ ಅಂತ."

ಅವನು ಮುಂದೆ ಮಾತಾಡುವಷ್ಟರಲ್ಲಿ ಕೊಡ ಬಗ್ಗಿತು. ಕಲ್ಲಿನ ಮೇಲೆ ಆಗಷ್ಟೇ ಬರೆದಿದ್ದ ೪೭ ಕೆಂಪಗೆ ಕರಗಿ ಅವನ ಬೂಟಿನ ತನಕ ಹರಿಯಿತು.

ಅವನು ಬೂಟು ನೋಡಿಕೊಂಡ. ಆಮೇಲೆ ಕೊಡ ನೋಡಿದ. ಕಲ್ಲು ಒರೆಸಿ, ಕೆಮ್ಮಣ್ಣಿನ ತಟ್ಟೆಯಲ್ಲಿ ಕುಂಚ ಅದ್ದಿ, ಮತ್ತೆ ೪೭ ಎಂದು ಬರೆದ.

"ಕೆರೆ ಹತ್ರಾನೇ ಇದೆಯಲ್ಲ, ಇನ್ನೊಂದು ಕೊಡ ತನ್ನಿ. ನಾನೂ ಇನ್ನೊಂದು ಸಲ ಬರೀತೀನಿ."

ಸರ್ವಮಂಗಳೆಗೆ ಮೈಯೆಲ್ಲ ಉರಿಯಿತು. ಮಾದಿಹಳ್ಳಿ ಪಟೇಲ ಷಡಕ್ಷರಪ್ಪನ ಒಬ್ಬಳೇ ಮಗಳು ಅವಳು. ಹಳೇಬೀಡಿನ ಸ್ಕೂಲಿನಲ್ಲಿ ಓದಿ ಬಂದವಳು, ತಾಯಿ ಇಲ್ಲದ ಮನೆಯನ್ನು ಹದಿಮೂರನೇ ವಯಸ್ಸಿನಿಂದ ನಡೆಸಿದವಳು. ಈ ಆರು ವರ್ಷದಲ್ಲಿ ಅವಳ ಎದುರು ಹೀಗೆ ಮಾತಾಡಿದವರು ಯಾರೂ ಇರಲಿಲ್ಲ.

*ಬಣ್ಣದ ಮಾತಿನವನು... ಇಂಥವರನ್ನೇ ನಂಬಬಾರದು.*

ನಂಬದಿರಲು ಕಾರಣವೂ ಇತ್ತು. ಅಜ್ಜಿ ಹುಚ್ಚಮ್ಮ ಮದುವೆಯಾಗಿ ಬಂದ ವರ್ಷ ಟೋಪಿ ಹಾಕಿದ ಬಿಳಿ ಸಾಹೇಬನೊಬ್ಬ ಊರಾಚೆಯ ಇನ್ನೊಂದು ಹಾಳುಗುಡಿಗೆ ಬಂದು, ಕೆತ್ತನೆ ಕಲ್ಲುಗಳಿಗೆಲ್ಲ ನಂಬರ್ ಹಾಕಿದ್ದನಂತೆ. ರಿಪೇರಿ ಮಾಡಿ ತರುತ್ತೇವೆ ಎಂದು ಗಾಡಿಗೆ ಹೇರಿಸಿ, ಅರಸೀಕೆರೆಯಲ್ಲಿ ರೈಲು ಹತ್ತಿಸಿದ. ಗುಡಿ ಇದ್ದ ಕಡೆ ಈಗ ದಿಬ್ಬ, ಅದರ ಮೇಲೆ ಎಕ್ಕದ ಗಿಡ. "ನಂಬರ್ ಬಿದ್ದ ಕಲ್ಲು ಊರಿಗೆ ವಾಪಸ್ ಬರಾಕಿಲ್ಲ ಕಣೇ" ಎಂಬುದು ಅಜ್ಜಿಯ ಮಾತು. ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಮಾದಿಹಳ್ಳಿಯವರೂ ಅಷ್ಟೆ.

ಇದು ಸಾವಿರದ ಒಂಬೈನೂರ ಮೂವತ್ತಾರರ ಮಾತು. ರೇವಣಸಿದ್ದಪ್ಪ ಅರಸೀಕೆರೆಯ ತೆಂಗಿನಕಾಯಿ ವ್ಯಾಪಾರಿಯ ಮಗ. ಬೊಂಬಾಯಿಯಲ್ಲಿ ಕಟ್ಟಡದ ವಿದ್ಯೆ ಓದಿದ್ದ. ಜೊತೆಗಿದ್ದವರು ಶ್ರೀಮಂತರ ಬಂಗಲೆ ಕಟ್ಟಲು ಹೋದರೆ, ಈತ ಹಳೇ ಗುಡಿಗಳನ್ನು ನೋಡಿಕೊಳ್ಳುವ ಸರ್ಕಾರಿ ಕೆಲಸಕ್ಕೆ ಸೇರಿದ್ದ. ಮಾದಿಹಳ್ಳಿ ಕೆರೆ ಏರಿಯ ಕೆಳಗಿನ ಈಶ್ವರನ ಗುಡಿ ತಳಪಾಯ ಕುಸಿದು ವಾಲಿತ್ತು. ಕಲ್ಲುಗಳನ್ನು ಒಂದೊಂದಾಗಿ ಇಳಿಸಿ, ತಳಪಾಯ ಗಟ್ಟಿಮಾಡಿ, ಮತ್ತೆ ಇದ್ದ ಹಾಗೇ ಜೋಡಿಸುವುದು ಅವನ ಕೆಲಸ.

ಹಾಗಂತ ಅವನೇ ಹೇಳಿದ್ದು. ಕಳ್ಳ ಬೇರೆ ಏನು ಹೇಳುತ್ತಾನೆ?

ಸರ್ವಮಂಗಳೆ ಅಂದೇ ಹಳೇ ಸ್ಕೂಲಿನ ನೋಟ್‌ಬುಕ್ಕು ತೆಗೆದಳು. ಮೊದಲ ಸಾಲಿನಲ್ಲಿ "ಮಹಾರಾಜಶ್ರೀ ತಾಲ್ಲೂಕು ಅಮಲ್ದಾರರ ಸನ್ನಿಧಾನಕ್ಕೆ ಅರ್ಜಿ" ಎಂದು ಬರೆದಳು. ಒಂದೇ ಒಂದು ಕಲ್ಲು ಕಾಣೆಯಾದರೂ ಸಾಕ್ಷಿ ಬೇಕಲ್ಲ? ಆಗಲೇ ನಂಬರ್ ಬಿದ್ದಿದ್ದ ಕಲ್ಲುಗಳನ್ನು ಮೊದಲು ಬರೆದು ಮುಗಿಸಿದಳು. ಆಮೇಲೆ ದಿನಾ ನೀರಿಗೆ ಹೋದಾಗ ಅವನು ಹಾಕಿದ ನಂಬರ್ ನೋಡುವುದು, ಮನೆಗೆ ಬಂದು ಆ ಕಲ್ಲಿನ ಗುರುತು ಬರೆಯುವುದು.

"೬೧. ಮದ್ದಳೆ ಬಾರಿಸುವವಳು. ಬಲಗೈ ಇಲ್ಲ.

೬೨. ಬರಿ ಕಲ್ಲು. ಎಡ ಮೂಲೆಯಲ್ಲಿ ಬೆಲ್ಲದ ಅಚ್ಚಿನಷ್ಟು ಚಕ್ಕೆ ಎದ್ದಿದೆ.

ಈ ದಿನ ಕಳ್ಳ ಮಧ್ಯಾಹ್ನ ಉಣ್ಣಲಿಲ್ಲ. ಕಲ್ಲು ಇಳಿಸಿ ಮುಗಿಯುವ ತನಕ ಬಿಸಿಲಲ್ಲೇ ನಿಂತಿದ್ದ. ನಟನೆ ಇರಬಹುದು."

ಕಳ್ಳನ ಚಲನವಲನ ಬರೆಯದಿದ್ದರೆ ಅರ್ಜಿಗೆ ಬಲ ಎಲ್ಲಿಂದ ಬರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ನಾವು ನಂಬೋಣ, ಬಿಡಿ.

ಒಂದು ಬೆಳಿಗ್ಗೆ ಕೇಳಿಯೇಬಿಟ್ಟಳು.

"ನೀರು ಬಿದ್ರೆ ಹೋಗೋ ಕೆಮ್ಮಣ್ಣಲ್ಲಿ ಯಾಕೆ ಬರೀತೀರಿ? ಬಣ್ಣಕ್ಕೆ ಬರವೇ?"

"ಇದು ಬಳಪದ ಕಲ್ಲು. ಎಣ್ಣೆ ಬಣ್ಣ ಒಳಗೆ ಇಳಿದ್ರೆ ಸಾವಿರ ವರ್ಷ ಹೋಗಲ್ಲ. ನನ್ನ ಗುರುತು ಈ ಗುಡಿ ಮೇಲೆ ಉಳೀಬಾರದು."

"ಬಂಗಲೆ ಕಟ್ಟಿದ್ರೆ ಹೆಸರಾದ್ರೂ ಉಳೀತಿತ್ತಲ್ಲ?"

ಅವನು ವಾಲಿದ ಗೋಡೆಯ ಮೇಲೆ ಕೈಯಿಟ್ಟ.

"ಬಂಗಲೆಗೆ ಯಜಮಾನ ಇರ್ತಾನೆ, ನೋಡ್ಕೋತಾನೆ. ಇದಕ್ಕೆ ಯಾರಿದಾರೆ?"

ಅವಳ ಎದೆಯೊಳಗೆ ಏನೋ ಮೆತ್ತಗಾಯಿತು. *ಕಳ್ಳನಾದವನು ಕಲ್ಲಿಗೆ ಕಲೆಯಾದೀತೆಂದು ಹೆದರುತ್ತಾನಾ?* ಆದರೆ ಏರಿ ಹತ್ತುವಷ್ಟರಲ್ಲಿ ಅನುಮಾನ ಮತ್ತೆ ಹೆಗಲೇರಿತ್ತು. ಹೆದರುತ್ತಾನೆ, ಹೆದರದೆ ಏನು! ಕಲೆಯಾದ ಮಾಲನ್ನು ಯಾರು ಕೊಳ್ಳುತ್ತಾರೆ?

ಅಂದು ನೋಟ್‌ಬುಕ್ಕಿನಲ್ಲಿ ಹೀಗಿತ್ತು: "ಕಳ್ಳನಿಗೆ ಕೆಮ್ಮು. ಅಜ್ಜಿಯ ಕೈಲಿ ಶುಂಠಿ ಕಷಾಯ ಕಳಿಸಿದೆ. ಅವನು ಸತ್ತುಹೋದರೆ ಅರ್ಜಿ ಯಾರ ಮೇಲೆ ಕೊಡುವುದು?"

ಏಪ್ರಿಲ್ ಹೊತ್ತಿಗೆ ಗುಡಿ ಪೂರ್ತಿ ಇಳಿಯಿತು. ಇನ್ನೂರ ಹನ್ನೊಂದು ಕಲ್ಲುಗಳು ಏರಿ ಕೆಳಗಿನ ಬಯಲಲ್ಲಿ ಜಾಗ ಸಿಕ್ಕ ಸಿಕ್ಕಲ್ಲಿ ಮಲಗಿದವು. ಅದೇ ವಾರ ಪಟೇಲರ ಮನೆ ವಿಳಾಸಕ್ಕೆ ಅವನ ಹೆಸರಿನ ಪೋಸ್ಟ್ ಕಾರ್ಡು ಬಂತು. ಕಾರ್ಡಿಗೆ ಬಾಗಿಲುಂಟೇ? ಸರ್ವಮಂಗಳೆ ಓದಿದಳು.

"ತಾವು ಕೇಳಿದ ಎರಡು ವ್ಯಾಗನ್ ಅರಸೀಕೆರೆ ಸ್ಟೇಷನ್ನಿಗೆ ಬಂದು ನಿಂತಿವೆ. ಕೂಡಲೇ ಗಾಡಿಗಳ ಏರ್ಪಾಟು ಮಾಡತಕ್ಕದ್ದು."

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಅಜ್ಜಿ ಹೇಳಿದ್ದೇ ನಿಜ... ಅದೇ ಗಾಡಿ, ಅದೇ ಅರಸೀಕೆರೆ, ಅದೇ ರೈಲು. ಇಷ್ಟು ದಿನ ಕಳ್ಳ ಕಳ್ಳ ಎಂದು ಬರೆದವಳಿಗೆ, ಅವನು ನಿಜವಾಗಿ ಕಳ್ಳನೆಂದು ತಿಳಿದಾಗ ಅಳು ಏಕೆ ಬಂತೋ.

ಅವಳು ಒಯ್ದು ಕೊಟ್ಟ ಕಾರ್ಡನ್ನು ಅವನು ಓದಿ ಜೇಬಿಗಿಟ್ಟುಕೊಂಡ.

"ಅರಸೀಕೆರೆಗೆ ಹೋಗಿ, ಶನಿವಾರ ಗಾಡಿ ಕಟ್ಟಿಸ್ಕೊಂಡು ಬರ್ತೀನಿ."

"ಬನ್ನಿ," ಎಂದಳು ಅವಳು. "ನಾವೂ ಕಾಯ್ತಿರ್ತೀವಿ."

ಅವನು ಬಸ್ಸು ಹತ್ತಿದ ಮಾರನೇ ಬೆಳಿಗ್ಗೆ ಅವಳೂ ಅಜ್ಜಿಯೂ ಕೇರಿಯ ಎಂಟು ಹೆಂಗಸರೂ ತೆಂಗಿನ ನಾರು ಹಿಡಿದು ಬಯಲಿಗಿಳಿದರು. ಅವಳ ಲೆಕ್ಕಾಚಾರ ಸರಿಯಾಗಿಯೇ ಇತ್ತು. ನಂಬರ್ ಇಲ್ಲದ ಕಲ್ಲು ಒಯ್ದು ಯಾರೂ ಗುಡಿ ಕಟ್ಟಲಾರರು, ಕಟ್ಟಲಾಗದ ಗುಡಿ ಯಾರಿಗೂ ಬೇಡ. ಮಧ್ಯಾಹ್ನದೊಳಗೆ ಇನ್ನೂರ ಹನ್ನೊಂದು ನಂಬರೂ ಕೆರೆಯ ನೀರು ಸೇರಿದವು.

ಶನಿವಾರ ಗಾಡಿಗಳು ಬಂದವು.

ಸರ್ವಮಂಗಳೆ ಏರಿಯ ಮೇಲೆ ನಿಂತು ಎಣಿಸಿದಳು. ಎಂಟು ಗಾಡಿ. ಎತ್ತುಗಳು ಬಾಯಲ್ಲಿ ನೊರೆ ತಂದುಕೊಂಡು ಏಕೆ ಇಷ್ಟು ಏದುಸಿರು ಬಿಡುತ್ತಿವೆ? ಖಾಲಿ ಗಾಡಿಗೆ ಇಷ್ಟು ಭಾರವೇ?

ಗಾಡಿ ಖಾಲಿ ಇರಲಿಲ್ಲ. ತೇಗದ ಆಧಾರ ಕಂಬಗಳು, ಕಬ್ಬಿಣದ ತೊಲೆಗಳು, ಸುಣ್ಣದ ಮೂಟೆಗಳು. ವ್ಯಾಗನ್ನುಗಳು ಊರಿನಿಂದ ಒಯ್ಯಲು ಬಂದಿರಲಿಲ್ಲ, ಊರಿಗೆ ತರಲು ಬಂದಿದ್ದವು.

ರೇವಣಸಿದ್ದಪ್ಪ ನಗುತ್ತಲೇ ಬಯಲಿಗೆ ಇಳಿದ. ಒಂದು ಕಲ್ಲು ಮುಟ್ಟಿದ. ಇನ್ನೊಂದು ಮುಟ್ಟಿದ. ಆಮೇಲೆ ಅಲ್ಲೇ ಕೂತುಬಿಟ್ಟ.

"ಯಾರು ಮಾಡಿದ್ದು?"

"ನಾನೇ." ಏರಿಯಿಂದ ಇಳಿದು ಬಂದಿದ್ದಳು ಅವಳು. "ಕಲ್ಲು ಸಾಗಿಸ್ತೀರಿ ಅಂದ್ಕೊಂಡೆ."

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಮಳೆಗೆ ಮುಂಚೆ ಗುಡಿ ನಿಲ್ಲದಿದ್ರೆ ಕೆತ್ತನೆ ಕಲ್ಲು ಪಟ್ಟಣದ ಮ್ಯೂಸಿಯಮ್ಮಿಗೆ, ಮಿಕ್ಕಿದ್ದು ರಸ್ತೆಗೆ ಅಂತ ಮೇಲಿನೋರು ಹೇಳಿದ್ರು. ನಿಲ್ಲಿಸೇ ನಿಲ್ಲಿಸ್ತೀನಿ ಅಂತ ಬರ್ಕೊಟ್ಟು ಬಂದಿದ್ದೆ."

"ನಕ್ಷೆ ಐತಲ್ಲ ನಿಮ್ಮತ್ರ..."

"ಅರವತ್ತೆರಡನೇ ಕಲ್ಲು ಎಲ್ಲಿ ಕೂರಬೇಕು ಅಂತ ನಕ್ಷೆ ಹೇಳುತ್ತೆ. ಅರವತ್ತೆರಡು ಯಾವುದು ಅಂತ ಕಲ್ಲೇ ಹೇಳಬೇಕಿತ್ತು. ಕೆತ್ತನೆ ಇರೋದನ್ನ ಹೇಗೋ ಗುರುತು ಹಿಡೀತೀನಿ. ನೂರ ಮೂವತ್ತು ಬರಿ ಕಲ್ಲಿವೆ..."

ಕೋತಿ ತಾನು ಕೆಟ್ಟಿದ್ದಲ್ಲದೆ ವನವನ್ನೂ ಕೆಡಿಸಿತಂತೆ. ಯಾವುದು ಆಗಬಾರದೆಂದು ಅವಳು ಹೋರಾಡಿದ್ದಳೋ ಅದನ್ನು ಅವಳ ಕೈಯೇ ಮಾಡಿತ್ತು.

ಬೆಲ್ಲದ ಅಚ್ಚಿನಷ್ಟು ಚಕ್ಕೆ ಎದ್ದ ಕಲ್ಲು. ಅರವತ್ತೆರಡು...

ಅವಳು ಮನೆಗೆ ಓಡಿದಳು.

ಓಡಿದವಳು ನೋಟ್‌ಬುಕ್ಕು ತೆಗೆದೊಡನೆ ತಣ್ಣಗಾದಳು. ಕಲ್ಲುಗಳ ಮಧ್ಯೆ ಮಧ್ಯೆ ಅವನಿದ್ದ. ಕಳ್ಳ ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಕಳ್ಳ ಈ ದಿನ ಏರಿಯ ಕಡೆ ಮೂರು ಸಲ ನೋಡಿದ. ಕಳ್ಳ ಭಾನುವಾರ ಇರಲಿಲ್ಲ, ನೀರು ತರಲು ಬೇಜಾರಾಯಿತು. ಮದುವೆಯಾಗದ ಹೆಣ್ಣು ಇಂಥದ್ದನ್ನು ಬರೆದಳೆಂದರೆ ಮಾದಿಹಳ್ಳಿ ಏನೆಂದೀತು? ಅಪ್ಪ ಏನೆಂದಾರು?

ಕತ್ತರಿ ತಂದಳು. ಹಾಳೆಯ ಎರಡೂ ಬದಿಗೆ ಬರೆದಿದ್ದಳು. ಈ ಬದಿಯ ಕಳ್ಳನನ್ನು ಕತ್ತರಿಸಿದರೆ ಆ ಬದಿಯ ಕಲ್ಲು ಹೋಗುತ್ತಿತ್ತು. ಬೇರೆ ಹಾಳೆಗೆ ಬರೆದುಕೊಳ್ಳಲು ಕೂತರೆ ಅವಸರದಲ್ಲಿ ನಂಬರ್ ತಪ್ಪುತ್ತಿತ್ತು.

ಹುಚ್ಚಮ್ಮ ಅಕ್ಕಿ ಆರಿಸುತ್ತ ಎಲ್ಲ ನೋಡುತ್ತಿದ್ದಳು. ಓದು ಬಾರದ ಮುದುಕಿಗೆ ಮೊಮ್ಮಗಳ ಮುಖ ಓದಲು ಬರುತ್ತಿತ್ತು.

"ಏನೈತೆ ಅದ್ರಾಗೆ?"

"ಗುಡಿ ಐತೆ ಅಜ್ಜಿ. ನನ್ನ ಮಾನಾನೂ ಐತೆ."

"ನಂಬರ್ ಅಳ್ಸಾಕೆ ಅಂತ ನಾನೂ ನಾರು ಹಿಡ್ಕೊಂಡು ಬಂದಿದ್ದೆ, ತಪ್ಪು ನಂದೂ ಐತೆ. ಗುಡಿ ಊರಿಂದು ಕಣೇ. ಕೊಟ್ಟು ಬಾ. ನಿಮ್ಮಪ್ಪ ಕೇಳಿದ್ರೆ ನಾನವ್ನಿ."

ಅವನು ಇನ್ನೂ ಅಲ್ಲೇ ಕೂತಿದ್ದ. ಅವಳು ನೋಟ್‌ಬುಕ್ಕು ಚಾಚಿದಳು.

"ಎಲ್ಲಾ ಕಲ್ಲಿನ ಗುರುತೂ ಐತೆ. ಆದ್ರೆ... ಕಲ್ಲಿಂದು ಮಾತ್ರ ಓದ್ಬೇಕು. ಬೇರೇದು ಓದ್ಬಾರ್ದು."

ಅವನು ಮೊದಲ ಪುಟ ತೆರೆದ. ಅರ್ಜಿಯ ತಲೆಬರಹ ನೋಡಿ ಹುಬ್ಬೇರಿಸಿದ. ಆಮೇಲೆ ಅವನ ಬೆರಳು ಅರವತ್ತೆರಡರ ಮೇಲೆ ನಿಂತಿತು, ಕಣ್ಣು ಬಯಲಲ್ಲಿ ಹುಡುಕಿತು.

"ಬೆಲ್ಲದ ಅಚ್ಚು," ಎಂದ ಮೆಲ್ಲಗೆ, ದೂರದ ಕಲ್ಲೊಂದನ್ನು ತೋರಿಸಿ.

"ಹೂಂ. ಅದೇ."

ಆರು ವಾರ ಕೆಲಸ ನಡೆಯಿತು. ಅವನು ನಕ್ಷೆ ನೋಡಿ ನಂಬರ್ ಕೂಗುತ್ತಿದ್ದ, ಗುರುತು ಓದುತ್ತಿದ್ದ, ಅವಳು ಕಲ್ಲು ತೋರಿಸುತ್ತಿದ್ದಳು. ಆಳುಗಳು ಹಗ್ಗ ಬಿಗಿಯುತ್ತಿದ್ದರು. ಷಡಕ್ಷರಪ್ಪ ದಿನಕ್ಕೆರಡು ಸಲ ಕೊಡೆ ಹಿಡಿದು ಬಂದು, ಮಗಳನ್ನೊಮ್ಮೆ ಅವನನ್ನೊಮ್ಮೆ ನೋಡಿ ಹೋಗುತ್ತಿದ್ದ. ಅಪ್ಪನಿಗೂ ಈಗ ಅನುಮಾನ.

ಅವಳಿಗೆ ಬೇರೆಯೇ ಅನುಮಾನ. *ಓದಿದ್ದಾನಾ? ಓದಿಲ್ಲವಾ?* ಓದಿದ್ದರೆ ಮುಖದಲ್ಲಿ ಕಾಣಬೇಕಿತ್ತು. ಓದಿಲ್ಲದಿದ್ದರೆ ಶುಂಠಿ ಎಂಬ ಮಾತು ಬಂದಾಗ ತುಟಿ ಏಕೆ ಕಚ್ಚಿದ? ಕುಂಬಳಕಾಯಿ ಕಳ್ಳ ಎಂದರೆ ಈಗ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದವಳು ಅವಳೇ.

ಜೂನ್ ಮೊದಲ ವಾರ ಶಿಖರದ ಕೊನೆಯ ಕಲ್ಲು ಕೂತಿತು. ಮೇಲಿನ ಸಾಹೇಬರು ಬಂದು ನೋಡಿ, ಗೋಡೆ ನೆಟ್ಟಗಿದೆಯೇ ಎಂದು ತೂಗುಗುಂಡು ಇಳಿಬಿಟ್ಟು, ತಲೆಯಾಡಿಸಿ ಹೋದರು. ಹುಚ್ಚಮ್ಮ ಗೋಡೆ ಸವರಿ ಕಣ್ಣೊರೆಸಿಕೊಂಡಳು. ನಂಬರ್ ಬಿದ್ದ ಕಲ್ಲು ಊರಲ್ಲೇ ಉಳಿದದ್ದನ್ನು ಆಕೆ ಮೊದಲ ಸಲ ನೋಡುತ್ತಿದ್ದಳು.

ಸಂಜೆ ಅವನು ನೋಟ್‌ಬುಕ್ಕು ಹಿಡಿದು ಏರಿಗೆ ಬಂದ. ಅವಳು ಕೊಡ ಕೆಳಗಿಟ್ಟಳು.

"ಕಲ್ಲಿಂದು ಮಾತ್ರ ಓದಿದ್ರಿ ತಾನೆ?"

"ಮೊದಲನೇ ದಿನ ಅಷ್ಟೇ ಓದಿದೆ."

"ಆಮೇಲೆ?"

"ಆಮೇಲೆ ಕಲ್ಲು ಬಿಟ್ಟು ಓದಿದೆ."

ಅವಳಿಗೆ ಕೆರೆಗೆ ಹಾರಿಬಿಡೋಣ ಎನ್ನಿಸಿತು. ಕೆರೆಯಲ್ಲಿ ಮೊಣಕಾಲುದ್ದ ನೀರಿತ್ತು.

"ಕಷಾಯಕ್ಕೆ ಬೆಲ್ಲ ಜಾಸ್ತಿ ಆಗಿತ್ತು," ಎಂದ.

"ಅಜ್ಜಿ ಮಾಡಿದ್ದು."

"ಇದೂ ಅಜ್ಜಿ ಬರೆದಿದ್ದಾ?" ಕೊನೆಯ ಪುಟ ತೆರೆದು ಓದಿದ. "ನಾಳೆ ಕಲ್ಲು ತೊಳೆಯುತ್ತೇವೆ. ಕಲ್ಲು ಊರಲ್ಲೇ ಉಳಿಯುತ್ತದೆ. ಕಳ್ಳ..." ಅವನು ತಲೆಯೆತ್ತಿದ. "ಇಲ್ಲಿಗೇ ನಿಂತಿದೆ. ಅರ್ಜಿ ಪೂರ್ತಿ ಆಗಿಲ್ಲ."

"ಕಳ್ಳ ಹೋಗಿಬಿಡ್ತಾನೆ ಅಂತ ಬರೆಯಕ್ಕೆ ಹೋದೆ," ಎಂದಳು, ನೆಲ ನೋಡುತ್ತ. "ಕೈ ಬರಲಿಲ್ಲ."

ಅವನು ನೋಟ್‌ಬುಕ್ಕು ಮುಚ್ಚಿದ.

"ಮುಂದಿನ ಕೆಲಸ ಗೆಂಡೆಹಳ್ಳಿ ಕಡೆ. ಅಲ್ಲೂ ಒಂದು ಗುಡಿ ವಾಲಿದೆ. ನಂಬರ್ ನಾನು ಹಾಕ್ತೀನಿ. ಕಲ್ಲಿನ ಗುರುತು ಬರೆಯೋರು ಬೇಕು. ನಿಮ್ಮಪ್ಪನ ಹತ್ರ ಮಾತಾಡಿದೀನಿ, ಸೋಮವಾರ ನಮ್ಮಮ್ಮ ಅರಸೀಕೆರೆಯಿಂದ ಬರ್ತಾರೆ." ಅವನು ನೋಟ್‌ಬುಕ್ಕು ಅವಳ ಕೈಗಿಟ್ಟ. "ಆದ್ರೆ ನಂಬೋರು ಬೇಡ. ನಂಬೋರು ಇಷ್ಟು ಸರಿಯಾಗಿ ನೋಡಲ್ಲ."

"ಅಪ್ಪ ಏನಂದ್ರು?"

"ನನ್ನ ಮಗಳಿಗೆ ನಿನ್ನ ಮೇಲೆ ಅನುಮಾನ ಐತಲ್ಲಯ್ಯಾ ಅಂದ್ರು. ಇನ್ನೂ ಇದೆಯಾ?"

ಅವಳು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗು.

"ಐತೆ."

"ಎಷ್ಟು ದಿನ ಇರುತ್ತೆ?"

"ಜೀವ ಇರೋ ತನ್ಕ," ಎಂದಳು.